ಖಚ್ಚರ ನಿಂದು, ಜೀವ ನಂದು

ಎತ್ತನ್ನು ಕೆಡವಿ, ನಾಲ್ಕೂ ಕಾಲು ಸೇರಿಸಿ ಹಗ್ಗ ಬಿಗಿಯುವಾಗ ಯಂಕೋಬನ ಕೈಗಳು ಇವತ್ತು ಗಂಟನ್ನೇ ಮರೆತವು. ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಮಸ್ಕಿಯ ಈ ಬೇವಿನ ಮರದ ಕೆಳಗೆ ಕೂತು ಸುತ್ತಲಿನ ಊರುಗಳ ಎತ್ತುಗಳಿಗೆಲ್ಲ ಲಾಳ ಹೊಡೆದವನು ಅವನು. ಕಣ್ಣು ಮುಚ್ಚಿದರೂ ತಪ್ಪದ ಗಂಟು ಅದು. ಸಂತೆಕಲ್ಲೂರಿನ ರೈತ ಎತ್ತಿನ ಕೊಂಬನ್ನು ನೆಲಕ್ಕೊತ್ತಿ ಹಿಡಿದು ಕೂತಿದ್ದ. ಮುಖ ಆಚೆ ತಿರುಗಿಸಿದ, ಅದು ನಗು ತಡೆದುಕೊಳ್ಳಲು ಎಂದು ಯಂಕೋಬನಿಗೆ ಗೊತ್ತಾಗದೆ ಇರಲಿಲ್ಲ. ಅಷ್ಟರಲ್ಲಿ ಎತ್ತು ಕೊಸರಿತು, ಗೊರಸು ಮುಖದ ಹತ್ತಿರ ಬಂತು, ಯಂಕೋಬ ಹಿಂದಕ್ಕೆ ಸರಿದ. ಗೊರಸು ಮುಖಕ್ಕೆ ಬಂದರೆ ಊರಗೌಡನಾದರೂ ಹಿಂದಕ್ಕೆ ಸರಿಯುತ್ತಾನೆ. ಆದರೆ ಮರದ ಆ ಬದಿಯಲ್ಲಿ ಸರದಿ ಕಾಯುತ್ತ ಕೂತಿದ್ದವರಿಗೆ ಅಷ್ಟೇ ಸಾಕಾಯಿತು.

"ಸಾಹೇಬಾ, ಎತ್ತು ನಿಂದು, ಜೀವ ನಂದು!" ಎಂದು ಒಬ್ಬ ಕೂಗಿದ.

ಮರದ ಕೆಳಗಿದ್ದವರೆಲ್ಲ ನಕ್ಕರು. ಕೊಂಬು ಹಿಡಿದ ರೈತನೂ ಈಗ ತಡೆದುಕೊಳ್ಳಲಿಲ್ಲ. ಯಂಕೋಬ ಲಾಳವನ್ನು ಗೊರಸಿಗಿಟ್ಟು ಮೊಳೆ ಹೊಡೆದ. ಮೊಳೆ ನೆಟ್ಟಗೆ ಇಳಿಯಿತು. ಕೈಗೆ ನಾಚಿಕೆ ಇರುವುದಿಲ್ಲ, ಇರುವುದೆಲ್ಲ ಕಿವಿಗೆ. ಕಿವಿ ಸುಡುತ್ತಿತ್ತು. ನಿನ್ನೆ ಸಂಜೆಯಿಂದ ಊರಲ್ಲಿ ಇದೊಂದೇ ಮಾತು. ಬಾವಿಯ ಹತ್ತಿರ ಕೊಡ ಜಾರಿದರೆ, ಕೊಡ ನಿಂದು ಜೀವ ನಂದು. ಹೊಲದಲ್ಲಿ ಹಾವು ಕಂಡರೆ, ಹೊಲ ನಿಂದು ಜೀವ ನಂದು. ಎಲ್ಲರೂ ಅದನ್ನು ಕೂಗಿ, ಕೂಗಿದ ಮೇಲೆ ಒಮ್ಮೆ ಅವನ ಕಡೆ ನೋಡುತ್ತಾರೆ.

ನಿನ್ನೆ ಹಳ್ಳದ ದಂಡೆಯ ಮರಳಿನ ಮೇಲೆ ಬಯಸ್ಕೋಪಿನ ಡೇರೆ ಎದ್ದಿತ್ತು. ಲಿಂಗಸುಗೂರಿನಲ್ಲಿ ಆಡಿ, ಇಲ್ಲಿ ಎರಡು ಸಂಜೆ ಆಡಿ, ಸಿಂಧನೂರಿಗೆ ಹೋಗುವ ಡೇರೆ. ತಂದಿದ್ದು ಇಂಗ್ರೇಜಿಯವರು ತುರ್ಕರೊಂದಿಗೆ ಕಾದಿದ ಬಸ್ರಾದ ಯುದ್ಧದ ವಿಲಾಯತಿ ಚಿತ್ರ. ಚಿತ್ರಕ್ಕೆ ಮಾತಿಲ್ಲ, ಹೀಗಾಗಿ ಪರದೆಯ ಪಕ್ಕ ಸಿಂಧನೂರಿನ ದಾದೇಸಾಬ ಬೆತ್ತ ಹಿಡಿದು ನಿಂತು ಎಲ್ಲರ ಮಾತನ್ನೂ ತಾನೇ ಕನ್ನಡದಲ್ಲಿ ಆಡುತ್ತಾನೆ. ದೊಡ್ಡಾಟದಲ್ಲಿ ಪಾತ್ರಗಳನ್ನು ಮಾತಾಡಿಸುವ ಸಾರಥಿಯಾಗಿ ಹೆಸರು ಮಾಡಿದವನು. ಹಾಗೆಯೇ ಇಲ್ಲಿಯೂ, ಪರದೆಗೆ ಯಾರು ಬಂದರೂ ಮೊದಲು ಸಾರಥಿಯ ದನಿಯಲ್ಲಿ "ಯಾರು ತಾವು, ತಮ್ಮ ನಾಮಾಂಕಿತವೇನು?" ಎಂದು ಕೇಳುತ್ತಾನೆ, ಆಮೇಲೆ ದನಿ ಬದಲಿಸಿ ಆ ಸಾಹೇಬನಾಗಿಯೋ ತುರ್ಕಿಯವನಾಗಿಯೋ ತಾನೇ ಉತ್ತರ ಕೊಡುತ್ತಾನೆ. ಜನ ಅದಕ್ಕಾಗಿಯೇ ಬರುತ್ತಾರೆ. ಯಂಕೋಬನೂ ಹೋಗಿದ್ದ, ಹೋಗುವಾಗ ಕೋಟು ತೊಟ್ಟಿದ್ದ, ಅದನ್ನು ನೆನೆದರೆ ಈಗ ಮೈ ಹಿಂಡಿದಂತಾಗುತ್ತದೆ. ಆ ಯುದ್ಧದ ದಂಡಿನಲ್ಲಿ ಚಾಕರಿ ಮಾಡಿ ಬಸ್ರಾದಿಂದ ತಂದ ಖಾಕಿ ಕೋಟು. ಊರೇ ಅವನನ್ನು ಬಸ್ರಾ ಯಂಕೋಬ ಎಂದು ಕರೆಯುವಾಗ ಆ ಕೋಟು ತೊಡದೆ ಹೇಗೆ ಹೋಗುವುದು. ಪರದೆಯ ಮೇಲೆ ಒಣನೆಲ, ಇಸ್ತ್ರಿ ಮಾಡಿದ ಅಂಗಿಯ ಸಾಹೇಬರು, ಒಂದೇ ಒಂದು ನೊಣ ಇಲ್ಲ. ಸಾಯುವವರು ಎದೆಯ ಮೇಲೆ ಕೈಯಿಟ್ಟು ನಿಧಾನವಾಗಿ, ಜಾಗ ನೋಡಿಕೊಂಡು ಬೀಳುತ್ತಿದ್ದರು. ಇರಲಿ ಎಂದುಕೊಂಡ. ಆಟ ಅಂದಮೇಲೆ ಆಟ. ಆಗ ಬಂದ ಅವನು. ಮುಂಡಾಸು ಸಡಿಲಿದ, ಹೊಟ್ಟೆ ಮುಂದಾದ ಒಬ್ಬ ಖಚ್ಚರದವ, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಮದ್ದುಗುಂಡಿನ ಪೆಟ್ಟಿಗೆ ಹೊತ್ತ ಖಚ್ಚರ, ಅಂದರೆ ಹೇಸರಗತ್ತೆ. ತೋಪು ಹಾರಿತು. ಅವನು ಹಗ್ಗ ಬಿಟ್ಟು ಎರಡೂ ಕೈ ಮೇಲೆತ್ತಿ ಓಡಿದ, ಎಡವಿದ, ಎದ್ದ, ಮತ್ತೆ ಓಡಿದ. ದಾದೇಸಾಬ ಹೆಣ್ಣುದನಿ ಮಾಡಿ, "ಸಾಹೇಬಾ, ಖಚ್ಚರ ನಿಂದು, ಜೀವ ನಂದು!" ಎಂದ. ಡೇರೆ ನಕ್ಕು ನಕ್ಕು ಬಿದ್ದಿತು. ಮುಂದೆ ಕೂತಿದ್ದ ಯಾವನೋ ಹಿಂತಿರುಗಿ ಕತ್ತಲಲ್ಲಿ ಯಂಕೋಬನ ಕೋಟನ್ನು ಹುಡುಕಿದ.

ಅವನು ಓಡಿದ್ದು ನಿಜವಾಗಿತ್ತು. ಪರದೆಯ ಮೇಲಿನವನಲ್ಲ, ಯಂಕೋಬ. ಬಸ್ರಾದಲ್ಲಿ ನೆಲ ಒಣಗಿರಲಿಲ್ಲ, ಮಸ್ಕಿಯ ಎರಿಮಣ್ಣು ಮಳೆಗಾಲದಲ್ಲಿ ಕಾಲು ಹಿಡಿಯುವ ಹಾಗೆ ಹಿಡಿಯುತ್ತಿತ್ತು, ಹಿಡಿದು ಒಂದು ಬೂಟನ್ನು ಇಟ್ಟುಕೊಂಡೂ ಬಿಟ್ಟಿತು. ಪಕ್ಕದಲ್ಲಿ ವಳಕಮದಿನ್ನಿಯ ಗಾಳೆಪ್ಪ. ಲಿಂಗಸುಗೂರಿನ ಹಳೇ ದಂಡಿನ ಛಾವಣಿಯಲ್ಲಿ ಇಬ್ಬರೂ ಒಂದೇ ದಿನ ಹೆಬ್ಬೆಟ್ಟು ಒತ್ತಿದವರು, ಹಡಗಿನಲ್ಲಿ ಒಂದೇ ಬೋಗುಣಿಗೆ ವಾಂತಿ ಮಾಡಿಕೊಂಡವರು. ಹಗ್ಗ ಬಿಡಬಾರದು ಎಂದು ಹವಾಲ್ದಾರ ಹೇಳಿದ್ದನ್ನು ಗಾಳೆಪ್ಪ ಕೇಳಿದ, ಕೇಳಿ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡ. ಯಂಕೋಬನೂ ಸುತ್ತಿಕೊಂಡಿದ್ದ. ತೋಪು ಹಾರಿದಾಗ ಯಂಕೋಬ ಬಿಚ್ಚಿದ. ಹೇಗೆ ಬಿಚ್ಚಿದನೋ ಕೈಗೇ ಗೊತ್ತು. ಓಡುವಾಗ ಅವನ ಮುಂದೆ ಒಬ್ಬ ಸಾಹೇಬನೂ ಓಡುತ್ತಿದ್ದ, ಅವನ ಬೂಟಿನ ಹಿಮ್ಮಡಿ ಇವತ್ತಿಗೂ ಕಣ್ಣಿಗೆ ಕಟ್ಟಿದೆ, ಆ ಹಿಮ್ಮಡಿಯನ್ನೇ ನೋಡುತ್ತ ಇವನು ದಾರಿ ಹಿಡಿದದ್ದು. ಬಯಸ್ಕೋಪಿನಲ್ಲಿ ಓಡುವ ಸಾಹೇಬ ಒಬ್ಬನೂ ಇಲ್ಲ. ಸಂಜೆ ಎಲ್ಲರೂ ಮರಳಿ ಬಂದು ಎಣಿಕೆಗೆ ನಿಂತರು, ಯಾರು ಓಡಿದರೆಂದು ಯಾರೂ ಯಾರನ್ನೂ ಕೇಳಲಿಲ್ಲ. ಗಾಳೆಪ್ಪ ಮಾತ್ರ ಎಣಿಕೆಗೆ ಬರಲಿಲ್ಲ.

ಹೊತ್ತು ನೆತ್ತಿಗೆ ಬರುವಾಗ ಸಾವುಕಾರ ಶಿವಶರಣಪ್ಪನ ಆಳು ಬಂದು ಕರೆದ. ಹತ್ತಿಯ ವ್ಯಾಪಾರಿ, ಊರ ನಡುವೆ ಅಂಗಡಿ, ಅಂಗಡಿಗೆ ಕಲ್ಲಿನ ಕಟ್ಟೆ. ಆ ಕಟ್ಟೆ ಕಣ್ಣಿಗೆ ಬಿದ್ದೊಡನೆ ಯಂಕೋಬನ ಹೆಜ್ಜೆ ಸಣ್ಣದಾಯಿತು. ಅವನಪ್ಪ ಆ ಕಟ್ಟೆಯ ಕೆಳಗೆ ಧೂಳಿನಲ್ಲಿ ನಿಂತೇ ಮುದುಕನಾದವನು, ಉಪ್ಪು ಬೇಕಾದರೆ ಸೆರಗೊಡ್ಡಿದಂತೆ ಪಂಚೆಯೊಡ್ಡಿ ಮೇಲಿನಿಂದ ಹಾಕಿಸಿಕೊಂಡವನು. ಯಂಕೋಬನ ಓಣಿಯ ಬೇರೆ ಯಾರೂ ಇವತ್ತಿಗೂ ಅಲ್ಲಿ ಕೂರುವಂತಿಲ್ಲ. ಯಂಕೋಬ ಖಾಕಿ ಕೋಟಿನಲ್ಲಿ ಬಸ್ರಾದಿಂದ ಇಳಿದಾಗ ಇದೇ ಶಿವಶರಣಪ್ಪ, "ಬಾರಲೇ, ದಂಡಿನಿಂದ ಬಂದಾತ, ಕುಂಡ್ರು" ಎಂದು ಕಟ್ಟೆಯ ಅಂಚನ್ನು ತೋರಿಸಿದ್ದ. ಅಂಚೇ. ಅರ್ಧ ಕುಂಡಿ ಕೂರುವಷ್ಟು. ಆದರೂ ಕಟ್ಟೆ. ಅಂದಿನಿಂದ ಊರಿನ ಮಂದಿ ತಮಗೆ ಬೇಕಾದ ಯುದ್ಧವನ್ನು ತಾವೇ ಕಟ್ಟಿಕೊಂಡರು. ಯಂಕೋಬ ಏಳು ಮಂದಿ ತುರ್ಕರನ್ನು ಕೆಡವಿದ, ಯಂಕೋಬನಿಗೆ ಬಾದಶಹ ಕೈ ಕೊಟ್ಟ. ಯಂಕೋಬ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಕಲ್ಲು ತಂಪಾಗಿತ್ತು, ಕೂತಿದ್ದ.

ಇವತ್ತು ಕೂರು ಎಂದು ಶಿವಶರಣಪ್ಪ ಹೇಳಲಿಲ್ಲ. ಯಂಕೋಬ ಕೆಳಗೆ ನಿಂತ.

"ಲಿಂಗಸುಗೂರಿಂದ ಹತ್ತಿ ದಲಾಲಿ ಬಂದಿದ್ದ," ಎಂದ ಶಿವಶರಣಪ್ಪ. "ಏನಂದ ಗೊತ್ತೈತೇನು? ಸಾವ್ಕಾರ್ರ, ನಿಮ್ಮ ಕಟ್ಟಿ ಮ್ಯಾಲ ಓಡಿ ಬಂದಾತನ್ನ ಕುಂಡ್ರಿಸೀರಂತಲ್ಲ, ಅಂದ. ನನ್ನ ಅಂಗಡ್ಯಾಗ ನಿಂತು ನಗತಾನ ಮಗ."

ಯಂಕೋಬ ಅಂಗೈಗೆ ಅಂಟಿದ್ದ ಲಾಳದ ಮಸಿಯನ್ನು ಅಂಗಿಗೆ ಒರೆಸಿಕೊಂಡ.

"ನೀ ಓಡಿದ್ದಿಲ್ಲ, ಹೌದಿಲ್ಲೋ?"

ಬಾಯಿ ತೆರೆದ. ತೆರೆದ ಬಾಯಿಂದ ಏನು ಬರುತ್ತಿತ್ತೋ ಅವನಿಗೂ ಗೊತ್ತಿರಲಿಲ್ಲ. ಶಿವಶರಣಪ್ಪ ಕಾಯಲಿಲ್ಲ.

"ಓಡಿದ್ದಿಲ್ಲ. ಮುಗೀತು. ಇವತ್ತ ಸಂಜೀಕ ಮುಂದ ನಿನಗೊಂದು ಕುರ್ಚಿ ಹಾಕಸ್ತೀನಿ. ಕೋಟ ಹಾಕ್ಕೊಂಡು ಬಾ. ದಾದೇಸಾಬಗ ಹೇಳೀನಿ, ಆ ಖಚ್ಚರದಾತ ಬಂದಾಗ ಬ್ಯಾರೆ ಮಾತು ಹೇಳತಾನ. ನೀ ಏನೂ ಮಾಡಬ್ಯಾಡ. ಸುಮ್ನ ಕುಂಡ್ರು. ಸುಮ್ನ ಕುಂಡ್ರೂದು ನಿನಗೇನು ಹೊಸಾದಲ್ಲ."

ಕೊನೆಯ ಮಾತನ್ನು ಅವನು ಬೇಕೆಂದೇ ಆಡಿದನೋ, ಬಾಯಿಗೆ ಬಂತೆಂದು ಆಡಿದನೋ. ಯಂಕೋಬ ಕಟ್ಟೆಯ ಅಂಚನ್ನು ನೋಡಿದ. ತಾನು ಕೂತೂ ಕೂತೂ ಅಲ್ಲಿ ಕಲ್ಲು ನಯವಾಗಿದೆ ಅನ್ನಿಸಿತು, ಹಾಗೇನೂ ಆಗಿರಲಿಕ್ಕಿಲ್ಲ. ತಲೆಯಾಡಿಸಿ ಮನೆಗೆ ಹೋದ.

ಹೆಂಡತಿ ಗದ್ದೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಅವಳೂ ನಿನ್ನೆ ಬಯಸ್ಕೋಪಿಗೆ ಹೋಗಿದ್ದಳು, ಹೆಂಗಸರ ಬದಿಗೆ. ಹೆಂಗಸರ ಬದಿ ಅಂದರೆ ಪರದೆಯ ಹಿಂದೆ. ಆಟಕ್ಕೆ ಮೊದಲು ಬಟ್ಟೆಯ ಮೇಲೆ ನೀರು ಚಿಮುಕಿಸುತ್ತಾರೆ, ಬೆಳಕು ಹಾಯ್ದು ಹಿಂದೆಯೂ ಚಿತ್ರ ಕಾಣುತ್ತದೆ, ಎಡ ಬಲ ಅದಲು ಬದಲಾಗಿ.

"ನಮ್ಮ ಕಡೆ ಸಿಪಾಯಿ ಮಂದೆಲ್ಲ ಎಡಗೈಲೆ ಸಲಾಂ ಹೊಡೀತಿದ್ರು," ಎಂದು ಅವಳು ನಕ್ಕಳು. "ಅದಕ್ಕ ಭಾಳ ನಕ್ಕಿವಿ ನೋಡು ನಾವು."

"ಖಚ್ಚರದವಗ ನಗಲಿಲ್ಲೇನು?"

"ಉಳಿದಾರು ನಕ್ರು. ನನಗ ನಗು ಬರಲಿಲ್ಲ." ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. "ಅವ ಯಾ ಕಡೆ ಓಡ್ಯಾನ, ನೀ ನೋಡಿದೇನು?"

"ಯಾ ಕಡೆ ಓಡಿದ್ರೇನಬೇ! ಓಡ್ಯಾನಿಲ್ಲೋ, ಅಷ್ಟ!" ಎಂದು ಯಂಕೋಬ ಕೂಗಿದ. ಗಂಗಾಳ ಸರಿಸಿ ಎದ್ದ. ಅವಳು ಕೇಳಿದ ಪ್ರಶ್ನೆ ಅವನ ಒಳಗಿಳಿಯಲೇ ಇಲ್ಲ, ಬೆನ್ನಿಗೆ ಬಡಿದು ಬಿದ್ದಿತು. ಹೊರಗೆ ಬಂದು ಗೋಡೆಯ ನೆರಳಲ್ಲಿ ಕೂತ. ತನಗೆ ಸಿಟ್ಟು ಯಾರ ಮೇಲೆ ಎಂದು ಕೇಳಿಕೊಂಡ. ನಕ್ಕವರ ಮೇಲೆ ಇತ್ತು, ನಿಜ. ಆದರೆ ಬೆಳಗಿನಿಂದ ಅದು ಅಷ್ಟಿಷ್ಟೇ ಇಳಿಯುತ್ತ ಬಂದು, ಸಾವುಕಾರನ ಮಾತು ಕೇಳಿದ ಮೇಲೆ ಬೇರೆ ಕಡೆಯಿಂದ ಏರುತ್ತಿತ್ತು. ನಕ್ಕವರು ಕಡೆಗೂ ಓಡಿದವನನ್ನು ನೋಡಿ ನಕ್ಕರು. ಸಾವುಕಾರ ಓಡಿದವನನ್ನೇ ಅಳಿಸಿ ಹಾಕುತ್ತೇನೆ ಅನ್ನುತ್ತಾನೆ.

ಬಿಸಿಲು ತಗ್ಗಿದ ಮೇಲೆ ದಾದೇಸಾಬನೇ ಓಣಿಗೆ ಬಂದ, ಬೆತ್ತ ಆಡಿಸುತ್ತ, ಎಲೆ ಅಡಿಕೆ ಜಗಿಯುತ್ತ. ಯಂಕೋಬನ ಪಕ್ಕ ನೆಲದ ಮೇಲೆಯೇ ಕೂತ.

"ನೀನಂತ ಗೊತ್ತಿದ್ದಿಲ್ಲಪಾ," ಎಂದ. "ಗೊತ್ತಿದ್ರ ನಿನ್ನೇನ ಮಾತು ಬದಲಾಸ್ತಿದ್ದೆ. ಇವತ್ತ ನೋಡು ಹ್ಯಾಂಗ ಎಬ್ಬಸ್ತೀನಿ. ಅವ ಹಗ್ಗ ಬಿಟ್ಟು ಓಡತಾನಲ್ಲ, ಆಗ ಹೇಳತೀನಿ: ಮದ್ದು ಮುಗದೈತಿ, ದಂಡು ಸಾಯಾಕತ್ತೈತಿ, ಮದ್ದು ತರಾಕ ಒಬ್ಬಾತನೇ ಗುಂಡಿನ ಮಳ್ಯಾಗ ಓಡಾಕತ್ತಾನ ಈ ವೀರ! ಚಪ್ಪಾಳಿ ಬೀಳ್ತಾವ. ಅದ ಓಟ, ಅದ ಚಿತ್ರ. ಮಾತು ಒಂದ ಬ್ಯಾರೆ."

"ಖಚ್ಚರದ ಬೆನ್ನ ಮ್ಯಾಗ ಮದ್ದಿನ ಪೆಟಗಿ ಐತಲ್ರಿ. ಅದನ್ನ ಬಿಟ್ಟು ಮದ್ದು ತರಾಕ ಓಡತಾನೇನು?"

"ಅದನ್ಯಾರು ನೋಡ್ತಾರ ತಮ್ಮಾ. ಮಂದಿ ನನ್ನ ಬಾಯಿ ನೋಡತೈತಿ."

ಅಹಂಕಾರದ ಮಾತಲ್ಲ ಅದು. ಬಡಗಿ ತನ್ನ ಉಳಿಯನ್ನು ಕುರಿತು ಹೇಳಿದಂತೆ ಹೇಳಿದ. ಯಂಕೋಬನಿಗೆ ಅವನ ಮೇಲೆ ಸಿಟ್ಟೇ ಬರಲಿಲ್ಲ, ಅದು ಅವನಿಗೇ ಸೋಜಿಗವಾಯಿತು.

"ಒಂದು ಕೇಳತೀನ್ರಿ ದಾದೇಸಾಬ್ರ. ಖಚ್ಚರ ನಿಂದು, ಜೀವ ನಂದು. ಆ ಮಾತು ನಿಮಗ್ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಮಂದಿ ನಗಲಿ ಅಂತ ಬಾಯಿಗೆ ಬಂದದ್ದು. ನಾ ಎಂದಾರ ಯುದ್ಧ ನೋಡೀನೇನು? ತಪ್ಪಾತೇನಪಾ?"

"ಇಲ್ಲ. ತಪ್ಪಿಲ್ಲ."

ದಾದೇಸಾಬ ಎದ್ದು ಹೋದ. ಯಂಕೋಬ ಆ ಮಾತನ್ನು ಬಾಯೊಳಗೇ ಆಡಿ ನೋಡಿದ. ಬೆಳಗಿನಿಂದ ಬೇರೆಯವರ ಬಾಯಲ್ಲಿ ಕೇಳಿ ಕೇಳಿ ಉರಿದ ಮಾತು. ಈಗ ತಾನೇ ಆಡಿದರೆ ಉರಿ ಇರಲಿಲ್ಲ. ಖಚ್ಚರ ಅವರದೇ ಆಗಿತ್ತು, ಬೆನ್ನ ಮೇಲೆ ಅವರದೇ ಮುದ್ರೆ. ಯುದ್ಧವೂ ಅವರದು, ತುರ್ಕಿಯವನೊಂದಿಗೆ ಯಂಕೋಬನಿಗೆ ಯಾವ ಜಗಳವೂ ಇರಲಿಲ್ಲ, ಅವನ ಹೊಲದ ಬದು ಇವನ ಹೊಲಕ್ಕೆ ಹೊಂದಿರಲಿಲ್ಲ, ಇವನಿಗೆ ಹೊಲವೇ ಇರಲಿಲ್ಲ. ಅಷ್ಟು ದೊಡ್ಡ ದಂಡಿನಲ್ಲಿ ಅವನದು ಅಂತ ಇದ್ದದ್ದು ಒಂದೇ, ಅದನ್ನು ಎತ್ತಿಕೊಂಡು ಓಡಿದ್ದ. ಅದರಲ್ಲಿ ನಾಚಿಕೆ ಯಾವುದು? ದಂಡಿನಿಂದ ಬಂದ ಮೇಲೆ ವಳಕಮದಿನ್ನಿಗೆ ಹೋದದ್ದು ನೆನಪಾಯಿತು. ಗಾಳೆಪ್ಪನ ತಾಯಿ ಮುದುಕಮ್ಮ ಜೋಳದ ಸೊಪ್ಪೆಯ ಬಣವೆಗೆ ಒರಗಿ ಕೂತಿದ್ದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ: ನಿನ್ನ ಮಗ ಕಡೀತನಕ ಹಗ್ಗ ಬಿಡಲಿಲ್ಲವ್ವ, ಗಟ್ಟಿ ನಿಂತ. ಹಾಗೆಯೇ ಹೇಳಿದ. ಅವಳು ಹೆಮ್ಮೆ ಪಡುತ್ತಾಳೆ ಎಂದುಕೊಂಡಿದ್ದ. ಅವಳು ಅವನ ಎರಡೂ ಮುಂಗೈ ಹಿಡಿದು, ಹಗ್ಗದ ಗುರುತು ಹುಡುಕುತ್ತ ತಿರುಗಿಸಿ ತಿರುಗಿಸಿ ನೋಡಿದಳು. "ಯಾಕ ಬಿಡಲಿಲ್ಲ?" ಎಂದಳು. "ನೀ ಬಿಟ್ಟೀಯಲ್ಲೋ ಯಪ್ಪಾ. ಅವಗೂ ಬಿಡು ಅನಬೇಕಿತ್ತಿಲ್ಲೋ." ಅವಳು ಬೈಯಲಿಲ್ಲ. ಬೈದಿದ್ದರೆ ಆ ಮಾತು ಇಷ್ಟು ವರ್ಷ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲ. ಓಡಿದ್ದು ತಪ್ಪೆಂದು ಆ ತಾಯಿ ಅನ್ನಲಿಲ್ಲ, ಒಬ್ಬನೇ ಓಡಿದ್ದು ತಪ್ಪು ಎಂದಳು. ಅದೊಂದನ್ನು ಯಂಕೋಬ ಒಪ್ಪುತ್ತಾನೆ. ಬೇರೆ ಯಾವುದನ್ನೂ ಒಪ್ಪುವುದಿಲ್ಲ. ಕಟ್ಟೆಯ ಅಂಚಿಗಾಗಿ ಆ ಓಟವನ್ನು ಮದ್ದು ತರುವ ಓಟ ಎಂದು ಕರೆದರೆ, ಮುದುಕಮ್ಮ ಹಿಡಿದು ನೋಡಿದ ಈ ಮುಂಗೈ ಯಾರದು?

ದೀಪ ಹಚ್ಚುವ ಹೊತ್ತಿಗೆ ಡೇರೆ ತುಂಬಿತು. ಕುರ್ಚಿ ಮುಂದೆಯೇ ಇತ್ತು, ಶಿವಶರಣಪ್ಪನ ಕುರ್ಚಿಯ ಪಕ್ಕ, ಒಂದು ಮೊಳ ಹಿಂದಕ್ಕೆ. ಯಂಕೋಬ ಕೋಟು ತೊಟ್ಟಿರಲಿಲ್ಲ. ಲಾಳ ಹೊಡೆಯುವಾಗಿನ ಅಂಗಿಯಲ್ಲೇ ಬಂದಿದ್ದ. ಶಿವಶರಣಪ್ಪ ಮೇಲಿಂದ ಕೆಳಗೆ ನೋಡಿ ಹುಬ್ಬು ಗಂಟಿಕ್ಕಿದ, ಆದರೆ ಕೋಟಿಗೆ ಕಳಿಸಲು ಹೊತ್ತಾಗಿತ್ತು. ಯಾರೋ ಪರದೆಗೆ ನೀರು ಚಿಮುಕಿಸಿದರು. ಹಿಂದಿನಿಂದ ಹೆಂಗಸರ ಬಳೆಯ ಸದ್ದು, ಮಾತು. ಮಷೀನಿನವನು ಹಿಡಿ ತಿರುಗಿಸಿದ, ಬೆಳಕು ಬಿತ್ತು. ಸಾಹೇಬರು ಬಂದರು, ತಮ್ಮ ನಾಮಾಂಕಿತ ಹೇಳಿದರು, ಜಾಗ ನೋಡಿಕೊಂಡು ಸತ್ತರು. ಯಂಕೋಬನ ತೊಡೆ ನಡುಗುತ್ತಿತ್ತು. ಹೆದರಿಕೆಯೇ ಅದು. ಬಸ್ರಾದಲ್ಲಿ ನಡುಗಿದ್ದೂ ಹೀಗೆಯೇ. ಆಗ ನಡುಗಿದ ಕಾಲು ಸರಿಯಾದದ್ದನ್ನೇ ಮಾಡಿತ್ತು, ಈಗಲೂ ಮಾಡಲಿ ಎಂದುಕೊಂಡ. ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದಿದ್ದ.

ಮುಂಡಾಸು ಸಡಿಲಿದವನು ಖಚ್ಚರ ಎಳೆಯುತ್ತ ಪರದೆಗೆ ಬಂದ. ಜನ ಆಗಲೇ ನಗಲು ಬಾಯಿ ಸಿದ್ಧ ಮಾಡಿಕೊಂಡರು. ತೋಪು ಹಾರಿತು. ಅವನು ಹಗ್ಗ ಬಿಟ್ಟ. ದಾದೇಸಾಬ ಬೆತ್ತವನ್ನು ನೆಲಕ್ಕೆ ಕುಟ್ಟಿ, ದೊಡ್ಡಾಟದ ದನಿ ತೆಗೆದ:

"ಭಲಿರೇ ಭಲಿರೇ! ಗುಂಡಿನ ಮಳೆಯಲ್ಲಿ ಬರುತ್ತಿರುವ ತಾವು ಯಾರು? ತಮ್ಮ ನಾಮಾಂಕಿತವೇನು?"

ಕೇಳಿದ ಮೇಲೆ ದನಿ ಬದಲಿಸಲು ಅವನು ಒಂದು ಉಸಿರು ತೆಗೆದುಕೊಳ್ಳುತ್ತಾನೆ. ಆ ಉಸಿರಿನಲ್ಲಿ ಯಂಕೋಬ ಎದ್ದು ನಿಂತ. ಬೆಳಕಿಗೆ ಅಡ್ಡವಾಗಿ ನಿಂತಿದ್ದರಿಂದ ಅವನ ನೆರಳು ಪರದೆಯ ಮೇಲೆ ಬಿತ್ತು, ಓಡುವವನು ಆ ನೆರಳಿನ ಎದೆಯ ಹತ್ತಿರ ಓಡುತ್ತಿದ್ದ.

"ನಾನು ಯಂಕೋಬ," ಎಂದ. ದನಿ ಮೊದಲು ಸಣ್ಣಗೆ ಬಂತು, ಆಮೇಲೆ ಬಂದಷ್ಟೂ ಬರಲಿ ಎಂದು ಬಿಟ್ಟ. "ಇದ ಊರಾತ. ಖಚ್ಚರ ಕಂಪನಿಯಾಗ ಇದ್ದೆ. ತೋಪು ಹಾರಿತು, ಹಗ್ಗ ಬಿಟ್ಟು ಓಡೀನಿ. ಅವ ನಾನ!"

ನಗು ಎದ್ದಿತು. ಬೇವಿನ ಮರದ ಕೆಳಗಿನ ನಗುವೇ, ಅಷ್ಟೇ ದೊಡ್ಡದು. ಅದು ಈ ಸಲ ಮೈಗೆ ತಾಗಲಿಲ್ಲ.

"ಕುಂಡ್ರಲೇ!" ಶಿವಶರಣಪ್ಪ ಹಲ್ಲು ಕಚ್ಚಿ ಹೇಳಿದ. "ಕುಂಡ್ರು, ಇಲ್ಲಂದ್ರ ನಾಳಿಂದ ನನ್ನ ಕಟ್ಟಿ ಕಡೆ ಹಾಯಬ್ಯಾಡ."

"ಹಾಯೂದಿಲ್ರಿ ಸಾವ್ಕಾರ್ರ." ಜನರ ಕಡೆ ತಿರುಗಿದ. "ನಗ್ರಿ. ಖಚ್ಚರ ಅವರ್ದು, ಜೀವ ನಂದು, ಇಡೀ ಬಯಸ್ಕೋಪಿನಾಗ ಇದೊಂದು ಮಾತು ಖರೇ ಐತಿ. ನನ್ನ ಮುಂದ ಸಾಹೇಬನೂ ಓಡಿದ, ಅವನ್ನ ಚಿತ್ರದಿಂದ ತಗದಾರ. ವಳಕಮದಿನ್ನಿ ಗಾಳೆಪ್ಪ ಓಡಲಿಲ್ಲ. ಹಗ್ಗ ಕೈಗೆ ಸುತಗೊಂಡು ನಿಂತ, ನಿಂತು ಸತ್ತ. ಅವ ಎಲ್ಲಿ ಅದಾನ? ನಿಂತಾತನ್ನ ತೋರಸ್ರಿ ನನಗ! ಓಡಿದಾತ ಬಂದು ಹೇಳಲಿಲ್ಲಂದ್ರ ನಿಂತಾತನ ಹೆಸರು ನಿಮಗ್ಯಾರು ಹೇಳತಿದ್ರು?"

ನಗು ಅಲ್ಲಲ್ಲಿ ನಿಂತಿತು, ಅಲ್ಲಲ್ಲಿ ನಿಲ್ಲಲಿಲ್ಲ. ಮಷೀನಿನವನಿಗೆ ಇದಾವುದೂ ಬೇಕಿರಲಿಲ್ಲ, ಅವನು ಹಿಡಿ ತಿರುಗಿಸುತ್ತಲೇ ಇದ್ದ. ಪರದೆಯ ಮೇಲಿನವನು ಇನ್ನೂ ಓಡುತ್ತಿದ್ದ, ನಗಿಸಲೆಂದೇ ಆ ಓಟವನ್ನು ಉದ್ದ ಮಾಡಿದ್ದರು. ದಾದೇಸಾಬ ಬೆತ್ತ ಹಿಡಿದು ನಿಂತಿದ್ದ. ಅವನ ಆಟ ಕೆಟ್ಟಿತ್ತು. ಆದರೆ ಸಾರಥಿ ಕೇಳಿದ ಪ್ರಶ್ನೆಗೆ ಪಾತ್ರವೇ ಎದ್ದು ಉತ್ತರ ಕೊಟ್ಟಿದೆ, ಉತ್ತರ ಬಂದ ಮೇಲೆ ಮುಂದಿನ ಪ್ರಶ್ನೆ ಕೇಳದೆ ಬಿಡುವ ಸಾರಥಿಯಲ್ಲ ಅವನು. ಬೆತ್ತ ಕುಟ್ಟಿದ.

"ಭಲೇ ಯಂಕೋಬಾ! ಎತ್ತ ಕಡೆಗೆ ಪಯಣ?"

ಯಂಕೋಬ ಪರದೆಯ ಕಡೆ ತಿರುಗಿ ನೋಡಿದ. ನಿನ್ನೆಯೂ ನೋಡಿದ್ದ, ಆದರೆ ನಕ್ಕವರ ಮುಖಗಳನ್ನೇ ನೋಡಿದ್ದ. ಎಡವಿ ಎದ್ದು ಕೈ ಮೇಲೆತ್ತಿ ಖಚ್ಚರದವ ಬಲಗಡೆಗೆ, ಹಳ್ಳದ ಬದಿಗೆ ಓಡುತ್ತಿದ್ದ. ಯಂಕೋಬ ಬಾಯಿ ತೆರೆಯುವ ಮೊದಲೇ ಬಟ್ಟೆಯ ಹಿಂದಿನಿಂದ ಒಂದು ದನಿ ಬಂತು. ಗದ್ದೆಮ್ಮನದು.

"ಮನೀ ಕಡೆ ಬರಾಕತ್ತಾನ್ರೀ!"

ಹೆಂಗಸರ ಬದಿಯಲ್ಲಿ ಯಾರೋ ನಕ್ಕರು, ಬೇರೆ ನಗು. ಪರದೆಯ ಮೇಲಿನವನು ಬಟ್ಟೆಯ ಅಂಚು ದಾಟಿ ಕಾಣೆಯಾದ. ಆ ಅಂಚಿನಾಚೆ ಹಳ್ಳ, ಹಳ್ಳದಾಚೆ ಯಂಕೋಬನ ಓಣಿ. ಯಂಕೋಬ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಮರಳಿನ ಮೇಲೆ ಕಾಲು ಚಾಚಿ ಕೂತ, ಉಳಿದ ಯುದ್ಧವನ್ನು ಪೂರ್ತಿ ನೋಡಿದ.